ಫೈಲ್ ನಿಮ್ಮದು, ಕೀಲಿ ಯಾರದ್ದು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿರೋರಿಗೂ, ಪಾತ್ರೆ ತೊಳೀತಾ ಕೇಳ್ತಿರೋರಿಗೂ, ನಾಳೆ ಎಕ್ಸಾಮ್ ಇಟ್ಕೊಂಡು ಇವತ್ತು ಇಲ್ಲಿ ಬಂದಿರೋರಿಗೂ ಸ್ವಾಗತ.

ಇವತ್ತಿನ ವಿಷಯ ಕಂಪ್ಯೂಟರ್‌ನ ಮೂರು ಬೀಗಗಳು. ಯೂಸರ್ ಅಕೌಂಟ್, ಫೈಲ್ ಪರ್ಮಿಷನ್, ಎನ್‌ಕ್ರಿಪ್ಷನ್. ಹೆಸರು ಕೇಳಿದ ತಕ್ಷಣ 'ಇದು ಇಂಜಿನಿಯರಿಂಗ್ ಓದಿದೋರಿಗೆ' ಅಂತ ಮುಂದಕ್ಕೆ ಓಡಿಸಬೇಡಿ. ನಾನೂ ಬಿ.ಕಾಂ. ಟ್ಯಾಲಿ, ಎಕ್ಸೆಲ್ ಬಿಟ್ರೆ ಕಾಲೇಜಲ್ಲಿ ಕಂಪ್ಯೂಟರ್ ಬಗ್ಗೆ ನನಗೆ ಯಾರೂ ಏನೂ ಹೇಳ್ಕೊಟ್ಟಿಲ್ಲ. ಇದನ್ನೆಲ್ಲ ಕಲಿತದ್ದು ಒಂದು ಜೆರಾಕ್ಸ್ ಅಂಗಡೀಲಿ. ಅದೂ ನಮ್ಮಕ್ಕನ ದುಡ್ಡು ಹೋದ ಮೇಲೆ.

ಮೊದಲು ಆ ಕತೆ ಹೇಳಿಬಿಡ್ತೀನಿ.

ಮೂರನೇ ಕಂಪ್ಯೂಟರ್

ತುಮಕೂರಲ್ಲಿ ಡಿಗ್ರಿ ಓದುವಾಗ ಸಂಜೆ 5ರಿಂದ 9ರವರೆಗೆ ಒಂದು ಜೆರಾಕ್ಸ್ ಅಂಗಡೀಲಿ ಕೆಲಸ ಮಾಡ್ತಿದ್ದೆ. ಎರಡು ಜೆರಾಕ್ಸ್ ಮೆಷಿನ್, ಒಂದು ಲ್ಯಾಮಿನೇಷನ್ ಮೆಷಿನ್, ಮೂರು ಕಂಪ್ಯೂಟರ್. ಎರಡು ನಮ್ಮ ಕೆಲಸಕ್ಕೆ. ಮೂರನೆಯದು ಗಿರಾಕಿಗಳು ಅವರಾಗಿಯೇ ಕೂತು ಬಳಸೋಕೆ, ಗಂಟೆಗೆ 20 ರೂಪಾಯಿ.

ಮೂರಕ್ಕೂ ಒಂದೇ ಅಕೌಂಟ್, ಅಡ್ಮಿನ್ ಅಂತ. ಪಾಸ್‌ವರ್ಡ್ ಇಲ್ಲ. ಸ್ವಿಚ್ ಹಾಕಿದ್ರೆ ನೇರವಾಗಿ ಡೆಸ್ಕ್‌ಟಾಪ್ ಬರ್ತಿತ್ತು. ಮೂರೂ ಕಂಪ್ಯೂಟರ್‌ಗೆ ಒಂದೇ ಪ್ರಿಂಟರ್, ಒಂದೇ ಶೇರ್ಡ್ ಫೋಲ್ಡರ್. ಸ್ಕಾಲರ್‌ಶಿಪ್ ಅರ್ಜಿ ಹಾಕೋ ಸೀಸನ್ನಲ್ಲಿ ಆ ಫೋಲ್ಡರ್ ನೋಡಬೇಕಿತ್ತು ನೀವು. ಆಧಾರ್ ಕಾರ್ಡು, ಜಾತಿ ಆದಾಯ ಪ್ರಮಾಣ ಪತ್ರ, ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ. ಯಾರದ್ದೋ ಮದುವೆ ಕರೆಯೋಲೆ ಪಕ್ಕದಲ್ಲಿ ಯಾರದ್ದೋ ಡೈವೋರ್ಸ್ ಕಾಗದ. ನಮಗೆ ಅದರಲ್ಲಿ ವಿಶೇಷ ಏನೂ ಕಾಣ್ತಿರಲಿಲ್ಲ. ದಿನಾ ನೋಡೋ ಕಸ ಕಣ್ಣಿಗೆ ಬೀಳಲ್ಲ ಅಲ್ವಾ, ಹಾಗೆ.

ನಮ್ಮಕ್ಕ ಆಗ ಬಿ.ಎಸ್ಸಿ ಮುಗಿಸಿ ಕೆಲಸ ಹುಡುಕ್ತಿದ್ದಳು. ಒಂದಿನ ಅವಳಿಗೆ ಫೋನ್ ಬಂತು. ಬೆಂಗಳೂರಿನ ಒಂದು ಕಂಪನಿಯ ಎಚ್‌ಆರ್ ಅಂತ ಹೇಳ್ಕೊಂಡ. ನಿಮ್ಮ ರೆಸ್ಯೂಮ್ ಸೆಲೆಕ್ಟ್ ಆಗಿದೆ, ಟ್ರೈನಿಂಗ್ ಫೀಸು 3,500 ರೂಪಾಯಿ ಕಟ್ಟಿ, ಮೊದಲ ಸಂಬಳದ ಜೊತೆ ವಾಪಸ್ ಬರುತ್ತೆ ಅಂದ. ಅಕ್ಕ ದಡ್ಡಿ ಅಲ್ಲ. ಮನೆಯಲ್ಲಿ ಎಲ್ಲರಿಗಿಂತ ಹುಷಾರು ಅವಳೇ. ಆದ್ರೂ ಕಟ್ಟಿದಳು. ಬೀದಿ ಮಕ್ಕಳಿಗೆ ಟ್ಯೂಷನ್ ಹೇಳಿ ಕೂಡಿಟ್ಟಿದ್ದ ದುಡ್ಡು ಅದು. ಮಾರನೇ ದಿನದಿಂದ ಆ ನಂಬರ್ ಸ್ವಿಚ್ ಆಫ್.

ಯಾಕೆ ನಂಬಿದೆ ಅಂತ ಕೇಳಿದ್ರೆ ಅಕ್ಕ ಹೇಳಿದ್ದು ಒಂದೇ ಮಾತು: "ಅವನಿಗೆ ನನ್ನ ಪರ್ಸೆಂಟೇಜ್ ಗೊತ್ತಿತ್ತು ಕಣೋ. ಅಪ್ಪನ ಹೆಸರು ಗೊತ್ತಿತ್ತು. ಮೂರನೇ ಸೆಮಿಸ್ಟರ್‌ನಲ್ಲಿ ಒಂದು ಸಬ್ಜೆಕ್ಟ್ ಹೋಗಿದ್ದೂ ಗೊತ್ತಿತ್ತು."

ಎರಡು ವಾರ ಆದ್ಮೇಲೆ ಮೂರನೇ ಕಂಪ್ಯೂಟರ್‌ನಲ್ಲಿ ಏನೋ ಹುಡುಕ್ತಾ ಇದ್ದಾಗ ಆ ಶೇರ್ಡ್ ಫೋಲ್ಡರ್‌ನಲ್ಲಿ ಕಂಡಿದ್ದು ಅಕ್ಕನ ರೆಸ್ಯೂಮ್, ಪಕ್ಕದಲ್ಲೇ ಅವಳ ಎಲ್ಲ ಸೆಮಿಸ್ಟರ್‌ನ ಮಾರ್ಕ್ಸ್ ಕಾರ್ಡು. ನಾಲ್ಕು ತಿಂಗಳ ಹಿಂದೆ ಪ್ರಿಂಟ್ ತೆಗೆಯೋಕೆ ಅಂತ ಇಳಿಸಿಕೊಂಡಿದ್ದು. ಇಳಿಸಿದ್ದು ಯಾರು ಅಂತೀರಾ? ನಾನೇ.

ಅಲ್ಲಿಂದಲೇ ಹೋಯ್ತು ಅಂತ ಇವತ್ತಿಗೂ ಸಾಬೀತು ಮಾಡೋಕಾಗಲ್ಲ. ಅವಳು ಎಷ್ಟೋ ಕಡೆ ಅರ್ಜಿ ಹಾಕಿದ್ದಳು, ಎಲ್ಲಿಂದ ಬೇಕಾದ್ರೂ ಹೋಗಿರಬಹುದು. ಆದ್ರೆ ನಾಲ್ಕು ತಿಂಗಳು, 20 ರೂಪಾಯಿ ಕೊಟ್ಟು ಕೂತ ಯಾರು ಬೇಕಾದ್ರೂ ಅದನ್ನ ತೆಗೆದು ಓದಬಹುದಿತ್ತು. ಅದಂತೂ ನಿಜ. ಅಕ್ಕನ ಹತ್ರ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಬೇರೆಯವರದ್ದೂ ಹಾಗೇ ಇದ್ಯಾ ಅಲ್ಲಿ?" ಅಂದಳು. ಇದೆ ಅಂದೆ. "ಮೊದಲು ಅದನ್ನ ತೆಗಿ" ಅಂದಳು.

ಮೊದಲ ಬೀಗ: ನೀನ್ಯಾರು?

ಯೂಸರ್ ಅಕೌಂಟ್ ಅಂದ್ರೆ ಕಂಪ್ಯೂಟರ್ ಕೇಳೋ ಮೊದಲ ಪ್ರಶ್ನೆ. ನೀನ್ಯಾರು? ನಮ್ಮ ಅಂಗಡಿ ಕಂಪ್ಯೂಟರ್ ಆ ಪ್ರಶ್ನೆಯನ್ನೇ ಕೇಳ್ತಿರಲಿಲ್ಲ.

ಈ ಪ್ರಶ್ನೆ ಹುಟ್ಟಿದ್ದೂ ಒಂದು ಕಂಪ್ಯೂಟರನ್ನ ಹಲವರು ಹಂಚಿಕೊಳ್ಳೋ ಕಡೆಯಲ್ಲೇ. 1960ರ ದಶಕದ ಶುರುವಿನಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೋ ಕಾರ್ಬಟೋ ಅನ್ನೋರ ತಂಡ ಸಿಟಿಎಸ್‌ಎಸ್ ಅನ್ನೋ ವ್ಯವಸ್ಥೆ ಕಟ್ಟಿತು. ಒಂದೇ ಯಂತ್ರವನ್ನ ಒಂದೇ ಹೊತ್ತಲ್ಲಿ ಹಲವರು ಬಳಸಬಹುದಿತ್ತು. ಪ್ರತಿಯೊಬ್ಬರಿಗೂ ಇಂತಿಷ್ಟು ಸಮಯ, ಒಂದು ಪಾಸ್‌ವರ್ಡ್. ಕಂಪ್ಯೂಟರ್ ಪಾಸ್‌ವರ್ಡ್ ಕತೆ ಶುರುವಾಗೋದು ಅಲ್ಲಿಂದ. ಅದನ್ನ ಕದಿಯೋ ಕತೆಯೂ ಅಲ್ಲಿಂದಲೇ. 1962ರಲ್ಲಿ ಅಲನ್ ಶೆರ್ ಅನ್ನೋ ಸಂಶೋಧಕರಿಗೆ ಕೊಟ್ಟ ಸಮಯ ಸಾಕಾಗ್ತಿರಲಿಲ್ಲ. ಅವರು ಪಾಸ್‌ವರ್ಡ್ ಇರೋ ಫೈಲನ್ನೇ ಪ್ರಿಂಟ್ ಹಾಕಿಸ್ಕೊಂಡು ಬೇರೆಯವರ ಸಮಯ ಬಳಸಿಕೊಂಡರು. 1966ರಲ್ಲಿ ಇನ್ನೂ ಮಜಾ ಆಯ್ತು. ಎರಡು ಫೈಲ್ ಅದಲು ಬದಲಾಗಿ, ಲಾಗಿನ್ ಆದ ಪ್ರತಿಯೊಬ್ಬರಿಗೂ 'ಇವತ್ತಿನ ಸೂಚನೆ' ಬರಬೇಕಾದ ಜಾಗದಲ್ಲಿ ಎಲ್ಲರ ಪಾಸ್‌ವರ್ಡ್ ಪಟ್ಟಿ ಬಂತು! ಎಂಐಟಿಯಲ್ಲೇ ಹೀಗಾದ್ರೆ ನಮ್ಮ ಜೆರಾಕ್ಸ್ ಅಂಗಡಿ ಯಾವ ಲೆಕ್ಕ.

ಈಗ ನಿಮ್ಮ ಮನೆಗೆ ಬರೋಣ. ವಿಂಡೋಸ್‌ನಲ್ಲಿ ಮುಖ್ಯವಾಗಿ ಎರಡು ಥರ ಅಕೌಂಟ್ ಇರುತ್ತೆ. ಅಡ್ಮಿನಿಸ್ಟ್ರೇಟರ್ ಮತ್ತು ಸ್ಟ್ಯಾಂಡರ್ಡ್. ಅಡ್ಮಿನಿಸ್ಟ್ರೇಟರ್ ಮನೆ ಯಜಮಾನ ಇದ್ದಂಗೆ, ಯಾವ ಕೋಣೆಗೆ ಬೇಕಾದ್ರೂ ಹೋಗಬಹುದು, ಗೋಡೆ ಒಡೆಸಬಹುದು, ಹೊಸಬರನ್ನ ಮನೆಗೆ ಸೇರಿಸಬಹುದು. ಸ್ಟ್ಯಾಂಡರ್ಡ್ ಅಂದ್ರೆ ಬಾಡಿಗೆಗೆ ಇರೋರು. ತಮ್ಮ ಕೋಣೆಯಲ್ಲಿ ಆರಾಮಾಗಿ ಇರಬಹುದು, ಗೋಡೆ ಮುಟ್ಟೋ ಹಾಗಿಲ್ಲ. ಹೊಸ ಲ್ಯಾಪ್‌ಟಾಪ್ ತಂದಾಗ ಮೊದಲು ಮಾಡೋ ಅಕೌಂಟ್ ಅಡ್ಮಿನಿಸ್ಟ್ರೇಟರ್. ನಾವು ಅದರಲ್ಲೇ ಸಿನಿಮಾ ನೋಡ್ತೀವಿ, ಅದರಲ್ಲೇ ಕ್ರ್ಯಾಕ್ ಮಾಡಿದ ಗೇಮ್ ಇಳಿಸ್ತೀವಿ, ಅದರಲ್ಲೇ ಬ್ಯಾಂಕ್ ಕೆಲಸ ಮಾಡ್ತೀವಿ.

ತಪ್ಪೇನು? ನೀವು ಓಡಿಸೋ ಪ್ರೋಗ್ರಾಂಗೆ ನಿಮ್ಮ ಅಧಿಕಾರ ಸಿಗುತ್ತೆ. ಯಜಮಾನನ ಹೆಗಲ ಮೇಲೆ ಕೂತು ಬಂದ ಕಳ್ಳನಿಗೆ ಇಡೀ ಮನೆ ಸಿಗುತ್ತೆ. ಬಾಡಿಗೆದಾರನ ಜೊತೆ ಬಂದವನಿಗೆ ಒಂದು ಕೋಣೆ ಮಾತ್ರ. ಹಾಗಾಗಿ ಅಡ್ಮಿನಿಸ್ಟ್ರೇಟರ್ ಅಕೌಂಟ್ ಒಂದನ್ನ ಗಟ್ಟಿ ಪಾಸ್‌ವರ್ಡ್ ಹಾಕಿ ಪಕ್ಕಕ್ಕಿಡಿ, ದಿನದ ಕೆಲಸಕ್ಕೆ ಸ್ಟ್ಯಾಂಡರ್ಡ್ ಅಕೌಂಟ್ ಮಾಡ್ಕೊಳ್ಳಿ. ತಮ್ಮನಿಗೆ ಬೇರೆ, ಅಮ್ಮನಿಗೆ ಬೇರೆ. ಸಾಫ್ಟ್‌ವೇರ್ ಹಾಕುವಾಗ ಮಾತ್ರ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೇಳುತ್ತೆ. ಆ ಕೇಳೋ ಒಂದು ಕ್ಷಣ ಇದೆಯಲ್ಲ, 'ನಾನು ಏನೂ ಹಾಕ್ತಿಲ್ವಲ್ಲ, ಇದ್ಯಾಕೆ ಕೇಳ್ತಿದೆ?' ಅಂತ ನಿಮಗೆ ಅನ್ನಿಸಬೇಕು. ಅಷ್ಟಕ್ಕೇ ಅದು ಇರೋದು.

ಎರಡನೇ ಬೀಗ: ನಿನಗೆಷ್ಟು ಹಕ್ಕು?

ಯಾರು ಅಂತ ಗೊತ್ತಾಯ್ತು. ಮುಂದಿನ ಪ್ರಶ್ನೆ, ಈ ಫೈಲನ್ನ ನೀನು ಏನು ಮಾಡಬಹುದು? ಇದೇ ಪರ್ಮಿಷನ್.

ಕಾಮರ್ಸ್‌ನೋರಿಗೆ ಇದು ಸುಲಭ. ಆಡಿಟಿಂಗ್ ಪೇಪರ್‌ನಲ್ಲಿ ಇಂಟರ್ನಲ್ ಚೆಕ್ ಅಂತ ಓದಿರ್ತೀರಿ. ದುಡ್ಡು ಎಣಿಸೋನು ಲೆಕ್ಕ ಬರೀಬಾರದು, ಲೆಕ್ಕ ಬರೆಯೋನು ಅದನ್ನ ಪಾಸ್ ಮಾಡಬಾರದು. ಯಾರ ಮೇಲೂ ಅನುಮಾನ ಇದೆ ಅಂತಲ್ಲ, ಒಬ್ಬರ ತಪ್ಪು ಎಲ್ಲವನ್ನೂ ಮುಳುಗಿಸಬಾರದು ಅಂತ.

1970ರ ಆಸುಪಾಸಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಕಟ್ಟಿದ ಯೂನಿಕ್ಸ್‌ನಲ್ಲಿ ಇದಕ್ಕೆ ಬಹಳ ಸರಳವಾದ ಲೆಕ್ಕ ಇದೆ. ಓದೋ ಹಕ್ಕಿಗೆ 4, ಬರೆಯೋ ಹಕ್ಕಿಗೆ 2, ಪ್ರೋಗ್ರಾಂ ಆಗಿ ಓಡಿಸೋ ಹಕ್ಕಿಗೆ 1. ಇವನ್ನ ಕೂಡಿಸಿ ಮೂರು ಜನಕ್ಕೆ ಮೂರು ಅಂಕಿ ಬರೀತಾರೆ. ಮೊದಲನೆಯದು ಫೈಲಿನ ಮಾಲೀಕರಿಗೆ, ಎರಡನೆಯದು ಅವರ ಗುಂಪಿಗೆ, ಮೂರನೆಯದು ಉಳಿದ ಎಲ್ಲರಿಗೆ.

ಅಂಗಡಿ ಲೆಕ್ಕದ ಪುಸ್ತಕ ಅಂದ್ಕೊಳ್ಳಿ. ಮಾಲೀಕರು ಓದಬೇಕು, ಬರೀಬೇಕು: 4 ಪ್ಲಸ್ 2, ಆರು. ಕೆಲಸದ ಹುಡುಗರು ಓದಿದ್ರೆ ಸಾಕು: ನಾಲ್ಕು. ಗಿರಾಕಿಗೆ ಏನೂ ಬೇಡ: ಸೊನ್ನೆ. ಒಟ್ಟು 640. ಇದನ್ನೇ 777 ಮಾಡಿದ್ರೆ? ಎಲ್ಲರಿಗೂ ಎಲ್ಲ ಹಕ್ಕು. ಜಾತ್ರೆ ದಿನದ ಛತ್ರ ಇದ್ದಂಗೆ, ಯಾರು ಬೇಕಾದ್ರೂ ಬರಬಹುದು, ಮಲಗಬಹುದು, ಹೋಗುವಾಗ ದಿಂಬೂ ತಗೊಂಡು ಹೋಗಬಹುದು. ಎಷ್ಟೋ ಜನ ಸರ್ವರ್ ಕೆಲಸ ಮಾಡಲಿಲ್ಲ ಅಂದ ತಕ್ಷಣ 777 ಕೊಟ್ಟು ಕೈ ತೊಳ್ಕೋತಾರೆ. ಕೆಲಸ ಆಗುತ್ತೆ ನಿಜ. ಬಾಗಿಲು ಕಿತ್ತು ಬಿಸಾಕಿದ್ರೆ ಕೀಲಿಕೈ ಹುಡುಕೋ ತಾಪತ್ರಯ ಇರಲ್ಲ ಅಲ್ವಾ!

'ನಾನು ಯೂನಿಕ್ಸ್ ಬಳಸಲ್ಲ' ಅನ್ನಬೇಡಿ. ನಿಮ್ಮ ಕೈಯಲ್ಲಿರೋ ಆಂಡ್ರಾಯ್ಡ್ ಫೋನಿನ ಒಳಗಿರೋದು ಯೂನಿಕ್ಸ್ ಹಾದಿಯಲ್ಲೇ ಬೆಳೆದ ಲಿನಕ್ಸ್. ಅದರಲ್ಲಿ ಪ್ರತಿ ಆ್ಯಪ್‌ಗೂ ಒಂದೊಂದು ಯೂಸರ್ ನಂಬರ್ ಇರುತ್ತೆ. ಅಂದ್ರೆ ನಿಮ್ಮ ಫೋನ್ ಬಳಸ್ತಿರೋದು ನೀವೊಬ್ಬರೇ ಅಲ್ಲ, ಒಂದು ವಠಾರ ತುಂಬ ಜನ ಇದ್ದಾರೆ. ಅದಕ್ಕೇ ಸಾಲ ಕೊಡೋ ಆ್ಯಪ್ ನಿಮ್ಮ ವಾಟ್ಸ್‌ಆ್ಯಪ್ ಚಾಟ್‌ನ ಫೈಲನ್ನ ನೇರವಾಗಿ ತೆಗೆಯೋಕಾಗಲ್ಲ. ಅದಕ್ಕೇ ಅದು ನಿಮ್ಮನ್ನ ಕೇಳುತ್ತೆ: ಕಾಂಟ್ಯಾಕ್ಟ್ಸ್ ನೋಡಲಾ? ಫೋಟೋ ನೋಡಲಾ? 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ಹೀಗೆ ಒಂದೊಂದಕ್ಕೂ ಕೇಳೋ ಪದ್ಧತಿ ಬಂತು. 'ಅಲೋ' ಒತ್ತುವಾಗ ನೀವು ಮಾಡ್ತಿರೋದು ಅದೇ ಲೆಕ್ಕ, ಸೊನ್ನೆ ಇದ್ದ ಕಡೆ ನಾಲ್ಕು ಬರೀತಿದ್ದೀರಿ. ಆಂಡ್ರಾಯ್ಡ್ 14ರಿಂದ ಎಲ್ಲ ಫೋಟೋ ಕೊಡೋ ಬದಲು ಆರಿಸಿದ ಫೋಟೋ ಮಾತ್ರ ಕೊಡೋಕೂ ಅವಕಾಶ ಇದೆ. ಬಳಸಿ ಅದನ್ನ.

ಇನ್ನೊಂದು ಗೂಗಲ್ ಡ್ರೈವ್. ಪ್ರಾಜೆಕ್ಟ್ ರಿಪೋರ್ಟ್ ಹಂಚುವಾಗ 'ಲಿಂಕ್ ಇರುವ ಯಾರು ಬೇಕಾದರೂ' ಅಂತ ಇಟ್ಟು, ಅದರ ಜೊತೆ 'ಎಡಿಟರ್' ಅಂತ ಕೊಡ್ತೀವಲ್ಲ, ಅದೇ ಛತ್ರ. ಕ್ಲಾಸ್ ಗ್ರೂಪಿಗೆ ಹಾಕಿದ ಲಿಂಕ್ ಎಲ್ಲೆಲ್ಲಿಗೆ ಫಾರ್ವರ್ಡ್ ಆಗುತ್ತೋ ಯಾರಿಗೆ ಗೊತ್ತು. ಹೆಸರು ಹಾಕಿ ಕೊಡಿ. ಓದೋಕೆ ಮಾತ್ರ ಬೇಕಿದ್ರೆ 'ವ್ಯೂವರ್' ಕೊಡಿ. ಕೆಲಸ ಮುಗಿದ ಮೇಲೆ ವಾಪಸ್ ತಗೊಳ್ಳಿ. ಎರವಲು ಕೊಟ್ಟ ಕೊಡೆಯನ್ನ ನೆನಪಿಟ್ಟು ಕೇಳ್ತೀವಿ, ಇದನ್ನ ಕೇಳಲ್ಲ.

ಅಕ್ಕ ಹೇಳಿದ ಮೇಲೆ ನಾನು ಅಂಗಡೀಲಿ ಮಾಡಿದ್ದೂ ಇದನ್ನೇ. ಅಂಗಡಿಯಣ್ಣನಿಗೆ ಹೇಳಿ ಮೂರನೇ ಕಂಪ್ಯೂಟರ್‌ಗೆ ಎರಡು ಅಕೌಂಟ್ ಮಾಡಿದೆ. 'ಗಿರಾಕಿ' ಅಂತ ಒಂದು ಸ್ಟ್ಯಾಂಡರ್ಡ್ ಅಕೌಂಟ್, ಇನ್ನೊಂದು ನಮ್ಮಿಬ್ಬರಿಗೆ ಮಾತ್ರ ಗೊತ್ತಿರೋ ಪಾಸ್‌ವರ್ಡಿನ ಅಡ್ಮಿನಿಸ್ಟ್ರೇಟರ್. ಗಿರಾಕಿ ಅಕೌಂಟಿಗೆ ಶೇರ್ಡ್ ಫೋಲ್ಡರ್ ಬಾಗಿಲು ಬಂದ್. ರಾತ್ರಿ ಷಟರ್ ಎಳೆಯೋ ಮುಂಚೆ ಅವತ್ತು ಇಳಿಸಿದ್ದೆಲ್ಲ ಡಿಲೀಟ್.

ಅಣ್ಣ ಮೊದಲು ಒಪ್ಪಲಿಲ್ಲ. "ಪಾಸ್‌ವರ್ಡ್ ಮರೆತ್ರೆ ಬೆಳಗ್ಗೆ ಅಂಗಡಿ ನಡೆಸೋದು ಯಾರು?" ಅಂದ್ರು. ಅವರ ಪ್ರಶ್ನೆ ಸರಿಯಾಗೇ ಇತ್ತು, ಅದಕ್ಕೆ ಆಮೇಲೆ ಬರ್ತೀನಿ. ಗಿರಾಕಿಗಳೂ ಬೈದ್ರು. "ನಿನ್ನೆ ತಾನೇ ಮಾಡಿಸಿದ್ನಲ್ಲಪ್ಪ, ಅದೇ ಆಧಾರ್ ಇನ್ನೆರಡು ಕಾಪಿ ಕೊಡು" ಅಂತ ಬರೋರು. ಡಿಲೀಟ್ ಮಾಡಿದ್ದೀನಿ ಅಂದ್ರೆ "ಯಾಕ್ ಮಾಡಿದೆ?" ಅಂತ ಜೋರು. ಅಲ್ಲಿವರೆಗೆ ನಾನು ಅಂಗಡಿಯೋರದ್ದೇ ತಪ್ಪು ಅಂದ್ಕೊಂಡಿದ್ದೆ. ಆ ರಾಶಿ ಗಿರಾಕಿಗೂ ಅನುಕೂಲವೇ ಆಗಿತ್ತು. ಇನ್ನೊಬ್ಬರ ಹತ್ರ ನಮ್ಮ ಫೈಲ್ ಇರೋದು ನಮಗೇ ಸಲೀಸು ಅನ್ನಿಸಿದಾಗ ಬಾಗಿಲು ಹಾಕೋರು ಯಾರೂ ಇರಲ್ಲ.

ಮೂರನೇ ಬೀಗ: ಕಂಪ್ಯೂಟರನ್ನೇ ಹೊತ್ಕೊಂಡು ಹೋದ್ರೆ?

ಇಷ್ಟು ಮಾಡಿ ನಾನು ಬೀಗುತ್ತಾ ಇದ್ದೆ. ಅಣ್ಣ ಕಂಪ್ಯೂಟರ್ ರಿಪೇರಿನೂ ಮಾಡ್ತಿದ್ರು. ಒಂದಿನ ಯಾರೋ ಸತ್ತುಹೋದ ಕಂಪ್ಯೂಟರ್ ತಂದು, ಒಳಗಿನ ಫೋಟೋ ಉಳಿಸಿಕೊಡಿ ಅಂದ್ರು. ಅದಕ್ಕೆ ಪಾಸ್‌ವರ್ಡ್ ಇತ್ತು. ಅಣ್ಣ ಅದನ್ನ ಕೇಳಲೇ ಇಲ್ಲ. ನಾಲ್ಕು ಸ್ಕ್ರೂ ಬಿಚ್ಚಿ, ಹಾರ್ಡ್ ಡಿಸ್ಕ್ ಹೊರಗೆ ತೆಗೆದು, ಒಂದು ಯುಎಸ್‌ಬಿ ಡಬ್ಬಿಗೆ ಹಾಕಿ ನಮ್ಮ ಕಂಪ್ಯೂಟರ್‌ಗೆ ಸಿಕ್ಕಿಸಿದ್ರು. ಪೆನ್‌ಡ್ರೈವ್ ಥರ ಎಲ್ಲ ತೆರೆದುಕೊಳ್ತು.

ನನಗೆ ತಲೆ ತಿರುಗಿದಂಗಾಯ್ತು. ಪಾಸ್‌ವರ್ಡ್ ಏನಾಯ್ತು ಅಂದೆ. ಅಣ್ಣ ನಕ್ಕು, "ಪಾಸ್‌ವರ್ಡ್ ಕೇಳೋದು ವಿಂಡೋಸ್ ಕಣಪ್ಪ. ಆ ವಿಂಡೋಸ್ ಈಗ ಓಡ್ತಾನೇ ಇಲ್ವಲ್ಲ" ಅಂದ್ರು.

ಇದನ್ನ ಒಂದ್ಸಲ ನಿಲ್ಲಿಸಿ ಯೋಚನೆ ಮಾಡಿ. ಅಕೌಂಟ್, ಪರ್ಮಿಷನ್ ಎರಡೂ ಕಾವಲುಗಾರರು. ಆ ಕಾವಲುಗಾರ ಎಚ್ಚರ ಇರೋವರೆಗೆ ಮಾತ್ರ ಬೀಗ. ಡಿಸ್ಕನ್ನ ಬೇರೆ ಮನೆಗೆ ಒಯ್ದರೆ ಅಲ್ಲಿನ ಯಜಮಾನ ಬೇರೆ, ಅವನು ಹೇಳಿದ್ದೇ ಕಾನೂನು. ಹಾಗಾದ್ರೆ ಫೈಲನ್ನೇ ಬೇರೆಯವರಿಗೆ ಅರ್ಥ ಆಗದ ಹಾಗೆ ಬರೆದಿಟ್ರೆ? ಅದೇ ಎನ್‌ಕ್ರಿಪ್ಷನ್.

ಬಟ್ಟೆ ಅಂಗಡೀಲಿ ಸೀರೆ ಚೀಟಿ ಗಮನಿಸಿದ್ದೀರಾ? ಮಾರೋ ಬೆಲೆ ಅಂಕಿಯಲ್ಲಿರುತ್ತೆ. ಕೆಲವು ಕಡೆ ಮೂಲೆಯಲ್ಲಿ ಎರಡು ಮೂರು ಅಕ್ಷರ ಬರೆದಿರ್ತಾರೆ. ಅದು ಅಸಲು ಬೆಲೆ. ಅಂಗಡಿಯೋರು ಹತ್ತು ಬೇರೆ ಬೇರೆ ಅಕ್ಷರದ ಒಂದು ಗುಟ್ಟಿನ ಮಾತು ಇಟ್ಕೊಂಡಿರ್ತಾರೆ. ಉದಾಹರಣೆಗೆ 'ಹಳೆಮನೆ ಕೆರೆದಾರಿ ತುದಿ' ಅಂದ್ಕೊಳ್ಳಿ. ಹ ಅಂದ್ರೆ 1, ಳೆ ಅಂದ್ರೆ 2, ಹೀಗೇ ಹೋಗಿ ತು ಅಂದ್ರೆ 9, ಕೊನೆಯ ದಿ ಅಂದ್ರೆ ಸೊನ್ನೆ. 740 ರೂಪಾಯಿಗೆ ತಂದ ಸೀರೆ ಮೇಲೆ 'ದಾನೆದಿ' ಅಂತಿರುತ್ತೆ. ನೀವು ಎಷ್ಟೇ ಚೌಕಾಸಿ ಮಾಡಿ, ಅವರು ಚೀಟಿ ನೋಡಿ ಎಲ್ಲಿಗೆ ನಿಲ್ಲಬೇಕು ಅಂತ ತಿಳ್ಕೋತಾರೆ. ಚೀಟಿ ನಿಮ್ಮ ಕೈಯಲ್ಲೇ ಇದೆ, ಓದಬಹುದು, ಅರ್ಥ ಮಾತ್ರ ಆಗಲ್ಲ. ಆ ಹತ್ತಕ್ಷರದ ಮಾತೇ ಕೀಲಿ.

ಸೀರೆ ಚೀಟಿಯ ಗುಟ್ಟನ್ನ ತಾಳ್ಮೆಯಿಂದ ಕೂತ್ರೆ ಒಡೀಬಹುದು. ಕಂಪ್ಯೂಟರ್‌ನಲ್ಲಿ ಬಳಸೋದು ಸಾಮಾನ್ಯವಾಗಿ ಎ.ಇ.ಎಸ್. ಅನ್ನೋ ವಿಧಾನ. ಬೆಲ್ಜಿಯಂನ ಇಬ್ಬರು, ಯೋನ್ ಡೇಮನ್ ಮತ್ತು ವಿನ್ಸೆಂಟ್ ರೈಮನ್, ಮಾಡಿದ್ದು. 2001ರಲ್ಲಿ ಅಮೆರಿಕ ಸರ್ಕಾರ ಅದನ್ನ ಮಾನದಂಡ ಮಾಡಿಕೊಂಡಿತು. ವಿಧಾನ ಪೂರ್ತಿ ಬಹಿರಂಗ, ಯಾರು ಬೇಕಾದ್ರೂ ಓದಬಹುದು. ಗುಟ್ಟು ಇರೋದು ಕೀಲಿಯಲ್ಲಿ ಮಾತ್ರ. 128 ಬಿಟ್ ಕೀಲಿ ಅಂದ್ರೆ ಎಷ್ಟು ಕೀಲಿಗಳು ಸಾಧ್ಯ ಗೊತ್ತಾ? 39 ಅಂಕಿಯ ಒಂದು ಸಂಖ್ಯೆ. ಒಂದೊಂದೇ ಹಾಕಿ ನೋಡ್ತೀನಿ ಅನ್ನೋ ಮಾತೇ ಇಲ್ಲ.

ಒಳ್ಳೇ ಸುದ್ದಿ ಏನಂದ್ರೆ ಇತ್ತೀಚಿನ ಫೋನ್‌ಗಳಲ್ಲಿ ಇದು ತಾನಾಗೇ ಆನ್ ಇರುತ್ತೆ. ಐಫೋನ್ ಆಗಲಿ, ಆಂಡ್ರಾಯ್ಡ್ 10 ಅಥವಾ ಆಮೇಲಿನದ್ದರ ಜೊತೆ ಬಂದ ಫೋನ್ ಆಗಲಿ. ನೀವು ಒಂದು ಗಟ್ಟಿ ಪಿನ್ ಇಟ್ರೆ ಸಾಕು. ಕಂಪ್ಯೂಟರ್‌ನಲ್ಲಿ ನೋಡ್ಕೋಬೇಕು. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಅಲ್ಲಿಂದ ಪ್ರೈವೆಸಿ ಅಂಡ್ ಸೆಕ್ಯುರಿಟಿ, ಅಲ್ಲಿ ಡಿವೈಸ್ ಎನ್‌ಕ್ರಿಪ್ಷನ್. ಪ್ರೊ ಆವೃತ್ತಿಯಲ್ಲಿ ಬಿಟ್‌ಲಾಕರ್ ಅಂತಲೇ ಇರುತ್ತೆ. ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ನಿಮಗೆ ಗೊತ್ತಿಲ್ಲದೇನೇ ಆನ್ ಆಗಿರೋ ಸಾಧ್ಯತೆ ಜಾಸ್ತಿ.

ಕೀಲಿ ಕಳೆದ್ರೆ?

ಈ 'ಗೊತ್ತಿಲ್ಲದೇನೇ' ಅನ್ನೋದರಲ್ಲೇ ಅಪಾಯ ಇದೆ. ಅಣ್ಣ ಕೇಳಿದ ಪ್ರಶ್ನೆ ನೆನಪಿದ್ಯಾ, ಪಾಸ್‌ವರ್ಡ್ ಮರೆತ್ರೆ ಯಾರು?

ನಮ್ಮ ಚಿಕ್ಕಪ್ಪನ ಮಗ ಇಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದ. ಲ್ಯಾಪ್‌ಟಾಪ್ ಮದರ್‌ಬೋರ್ಡ್ ಹೋಯ್ತು, ಬದಲಾಯಿಸಿಸಿದ. ಆನ್ ಮಾಡಿದ್ರೆ ನೀಲಿ ಪರದೆ. 48 ಅಂಕಿಯ ರಿಕವರಿ ಕೀ ಹಾಕು ಅಂತು. ಒಳಗಿನ ಚಿಪ್ ಬದಲಾದಾಗ 'ಇದು ನನ್ನ ಮನೆ ಹೌದಾ ಅಲ್ವಾ' ಅಂತ ವಿಂಡೋಸ್‌ಗೆ ಅನುಮಾನ ಬಂದು ಹೀಗೆ ಕೇಳುತ್ತೆ. ಆ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಉಳಿದಿರುತ್ತೆ. ಬೇರೆ ಫೋನಿಂದ ಲಾಗಿನ್ ಆಗಿ ತಗೋಬಹುದು. ಆದ್ರೆ ಇವನ ಲ್ಯಾಪ್‌ಟಾಪ್‌ಗೆ ಮೊದಲ ದಿನ ಅಕೌಂಟ್ ಮಾಡಿಕೊಟ್ಟಿದ್ದು ಮಾರಿದ ಅಂಗಡಿಯ ಹುಡುಗ. ಯಾವುದೋ ಒಂದು ಇಮೇಲ್ ಹುಟ್ಟಿಸಿ ಹಾಕಿದ್ದ. ಆ ಇಮೇಲ್ ಏನು ಅಂತ ಅವನಿಗೂ ನೆನಪಿಲ್ಲ, ಇವನಿಗೂ ಗೊತ್ತಿಲ್ಲ. ಪ್ರಾಜೆಕ್ಟ್ ಹೋಯ್ತು. ತೀರಿಕೊಂಡ ಅಜ್ಜಿಯ ಕೊನೇ ಹಬ್ಬದ ಫೋಟೋಗಳು ಅದರಲ್ಲೇ ಇದ್ವು. ಡಿಸ್ಕ್ ಕೈಯಲ್ಲೇ ಇದೆ, ಒಂದಕ್ಷರವೂ ಅಳಿಸಿಲ್ಲ. ಆದ್ರೂ ಓದೋಕಾಗಲ್ಲ. ಗುಟ್ಟಿನ ಮಾತು ಮರೆತ ಸೀರೆ ಅಂಗಡಿಯೋರ ಪಾಡು.

ನಮ್ಮಕ್ಕನ ಫೈಲ್ ಬೀಗ ಇಲ್ಲದೆ ಹೋಯ್ತು. ಇವನದ್ದು ಬೀಗದಿಂದಲೇ ಹೋಯ್ತು. ಎರಡರಲ್ಲೂ ತಪ್ಪು ಒಂದೇ, ಕೀಲಿ ಯಾರ ಕೈಲಿದೆ ಅಂತ ನಾವು ಕೇಳಿರಲಿಲ್ಲ. ಫೈಲ್ ಮೇಲೆ ನಿಮ್ಮ ಹೆಸರಿದ್ದ ಮಾತ್ರಕ್ಕೆ ಅದು ನಿಮ್ಮದಾಗಲ್ಲ. ಕೀಲಿ ಯಾರ ಹತ್ರ ಇದೆಯೋ ಫೈಲ್ ಅವರದ್ದು.

ಕಳ್ಳರಿಗೆ ಇದು ನಮಗಿಂತ ಮೊದಲೇ ಗೊತ್ತಿತ್ತು. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಬಂದಿತ್ತಲ್ಲ, ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳ ಕಂಪ್ಯೂಟರ್‌ಗಳೂ ಅದರ ಕೈಗೆ ಸಿಕ್ಕಿದ್ವು. ಅದು ಫೈಲ್ ಕದಿಯಲಿಲ್ಲ. ಇದ್ದಲ್ಲೇ ಎನ್‌ಕ್ರಿಪ್ಟ್ ಮಾಡಿ, ಕೀಲಿ ಬೇಕಿದ್ರೆ ಬಿಟ್‌ಕಾಯಿನ್‌ನಲ್ಲಿ 300 ಡಾಲರ್ ಕೊಡು ಅಂತು. ಇಂಥದ್ದಕ್ಕೆ ಬೀಗ ಒಂದೇ ಸಾಲದು, ಬೇರೆ ಹಾರ್ಡ್ ಡಿಸ್ಕ್‌ನಲ್ಲಿ ಇನ್ನೊಂದು ಪ್ರತಿ ಇರಲೇಬೇಕು. ಕಾಪಿ ಮಾಡಿ ಮುಗಿದ ಮೇಲೆ ಅದನ್ನ ಕಂಪ್ಯೂಟರ್‌ನಿಂದ ಕಿತ್ತಿಡಿ.

ಬಾಗಿಲ ಮೇಲೇ ಬರೆದ ಕೀಲಿ

ಇನ್ನೆರಡು ಚಿಕ್ಕ ವಿಷಯ. ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇರುತ್ತೆ, ಸೇಫ್ ಅಂದ್ಕೋತೀವಿ. ಆ ಪಾಸ್‌ವರ್ಡ್ ಏನು? ಹೆಸರಿನ ಮೊದಲ ನಾಲ್ಕು ಅಕ್ಷರ ಇಂಗ್ಲಿಷ್ ದಪ್ಪಕ್ಷರದಲ್ಲಿ, ಜೊತೆಗೆ ಹುಟ್ಟಿದ ವರ್ಷ. ನಿಮ್ಮ ಹೆಸರು ಗೊತ್ತಿರೋನು 1960ರಿಂದ 2010ರವರೆಗೆ ಒಂದೊಂದೇ ವರ್ಷ ಹಾಕಿದ್ರೂ 51 ಸಲ ಅಷ್ಟೇ. ನಿಮ್ಮ ಮುಖ ನೋಡಿದ್ದರೆ ಹತ್ತೇ ಸಲ. 39 ಅಂಕಿಯ ಬೀಗ ಹಾಕಿ ಕೀಲಿಯನ್ನ ಬಾಗಿಲ ಮೇಲೇ ಬರೆದಂಗೆ. ಹಾಗಾಗಿ ಒಪ್ಪೋ ಕಡೆಯಲ್ಲೆಲ್ಲ ಮಾಸ್ಕ್ಡ್ ಆಧಾರ್ ಕೊಡಿ. ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತೆ.

ಎರಡನೆಯದು ವಾಟ್ಸ್‌ಆ್ಯಪ್. 'ಈ ನಂಬರ್‌ಗೆ ಕಳಿಸಿ, ಪ್ರಿಂಟ್ ಕೊಡ್ತೀವಿ' ಅಂತಾರೆ. ವಾಟ್ಸ್‌ಆ್ಯಪ್ ತುದಿಯಿಂದ ತುದಿಗೆ ಎನ್‌ಕ್ರಿಪ್ಟ್ ಆಗಿರುತ್ತೆ, ನಿಜ. ಆದ್ರೆ ಆ ಇನ್ನೊಂದು ತುದಿ ಯಾವುದು? ಅಂಗಡಿಯ ಕಂಪ್ಯೂಟರ್. ಅಲ್ಲಿ ಇಳಿದ ಮೇಲೆ ಅದು ಮಾಮೂಲಿ ಫೈಲ್. ನೀವು ಆಮೇಲೆ 'ಡಿಲೀಟ್ ಫಾರ್ ಎವ್ರಿಒನ್' ಒತ್ತಿದ್ರೂ ಅವರು ಇಳಿಸಿಕೊಂಡ ಪ್ರತಿ ಅಲ್ಲೇ ಇರಬಹುದು.

ಈ ವಾರ ಮಾಡಬೇಕಾದ್ದು

ಎಲ್ಲವನ್ನೂ ಒಂದೇ ದಿನ ಮಾಡೋಕೆ ಹೋಗಬೇಡಿ. ಈ ನಾಲ್ಕು ಸಾಕು.

ಒಂದು, ಲ್ಯಾಪ್‌ಟಾಪ್ ಇದ್ರೆ ಎನ್‌ಕ್ರಿಪ್ಷನ್ ಆನ್ ಇದೆಯಾ ನೋಡಿ. ಆನ್ ಇದ್ರೆ ರಿಕವರಿ ಕೀ ಎಲ್ಲಿದೆ ಅಂತ ಇವತ್ತೇ ಹುಡುಕಿ. 48 ಅಂಕಿಯನ್ನ ಕಾಗದದ ಮೇಲೆ ಬರೆದು, ಮನೆಯ ಪತ್ರ, ಎಲ್‌ಐಸಿ ಬಾಂಡ್ ಇಡೋ ಕಡೆ ಇಡಿ. ಅದೇ ಲ್ಯಾಪ್‌ಟಾಪ್‌ನ ಬ್ಯಾಗಲ್ಲಿ ಮಾತ್ರ ಇಡಬೇಡಿ, ಪ್ಲೀಸ್. ಬೇರೆಯವರು ಮಾಡಿಕೊಟ್ಟ ಇಮೇಲ್ ಇದ್ರೆ ನಿಮ್ಮದಕ್ಕೆ ಬದಲಾಯಿಸಿ.

ಎರಡು, ದಿನದ ಕೆಲಸಕ್ಕೆ ಸ್ಟ್ಯಾಂಡರ್ಡ್ ಅಕೌಂಟ್. ಮನೆಯವರಿಗೆ ಒಬ್ಬೊಬ್ಬರಿಗೆ ಒಂದೊಂದು.

ಮೂರು, ಡ್ರೈವ್‌ನಲ್ಲಿ ಯಾವ್ಯಾವ ಫೈಲ್ ಛತ್ರ ಆಗಿದೆ ನೋಡಿ, ಬಾಗಿಲು ಹಾಕಿ. ಫೋನ್‌ನಲ್ಲಿ ಯಾವ ಆ್ಯಪ್‌ಗೆ ಏನು ಕೊಟ್ಟಿದ್ದೀರಿ ಅಂತಲೂ ನೋಡಿ.

ನಾಲ್ಕು, ಪ್ರಿಂಟ್ ಅಂಗಡೀಲಿ ಕೆಲಸ ಮುಗಿದ ಮೇಲೆ "ಅಣ್ಣ, ಫೈಲ್ ಡಿಲೀಟ್ ಮಾಡಿ" ಅಂತ ಕೇಳಿ, ರೀಸೈಕಲ್ ಬಿನ್‌ನಿಂದಲೂ. ಹೀಗೆ ಅಳಿಸಿದ್ದನ್ನ ಕೂಡ ಕೆಲವೊಮ್ಮೆ ಸಾಫ್ಟ್‌ವೇರ್ ಹಾಕಿ ವಾಪಸ್ ತೆಗೀಬಹುದು. ಆದ್ರೂ ನಾಲ್ಕು ತಿಂಗಳು ಕಣ್ಣೆದುರು ಬಿದ್ದಿರೋದಕ್ಕಿಂತ ಎಷ್ಟೋ ವಾಸಿ. ಅಲ್ಲಿ ವಾಟ್ಸ್‌ಆ್ಯಪ್ ವೆಬ್ ತೆಗೆದಿದ್ರೆ ಫೋನ್‌ನ ಲಿಂಕ್ಡ್ ಡಿವೈಸಸ್‌ಗೆ ಹೋಗಿ ಲಾಗ್ ಔಟ್ ಮಾಡಿ. ಕೇಳೋಕೆ ನಾಚಿಕೆ ಬೇಡ. ಚಿಲ್ಲರೆ ಎಣಿಸಿ ತಗೊಳ್ಳೋಕೆ ನಾಚ್ಕೋತೀವಾ?

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿದ್ರು. ಆ ಪ್ರಕರಣಕ್ಕೆ ಇರೋ ಹೆಸರು ನಮ್ಮ ರಾಜ್ಯದ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರದ್ದು. ವಯಸ್ಸಾದ ಮೇಲೆ, ಮನೇಲಿ ಆರಾಮಾಗಿ ಇರಬಹುದಾದ ಕಾಲದಲ್ಲಿ ಅವರು ಕೋರ್ಟ್ ಮೆಟ್ಟಿಲು ಹತ್ತಿದ್ರು. ಹಕ್ಕು ಅವರು ತಂದುಕೊಟ್ರು. ಚಿಲಕ ಹಾಕೋ ಕೆಲಸ ನಮ್ಮದು.

ಅಕ್ಕನ 3,500 ರೂಪಾಯಿ ವಾಪಸ್ ಬರಲಿಲ್ಲ. ದೂರು ಕೊಡಬೇಕು ಅನ್ನೋದೂ ಆಗ ನಮಗೆ ಹೊಳೀಲಿಲ್ಲ. ಇವತ್ತು ನಿಮಗೆ ಹಾಗಾದ್ರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಅಕ್ಕ ಈಗ ಹೈಸ್ಕೂಲ್ ಟೀಚರ್. ಮಕ್ಕಳ ಮಾರ್ಕ್ಸ್ ಇರೋ ಫೈಲ್ ಕಳಿಸೋಕೆ ಮುಂಚೆ ನನಗೆ ಫೋನ್ ಮಾಡಿ, "ಇದನ್ನ ಯಾರ್ಯಾರು ಓದಬಹುದೋ?" ಅಂತ ಕೇಳ್ತಾಳೆ. ನೀವೂ ಮುಂದಿನ ಸಲ ಫೈಲ್ ಕಳಿಸುವಾಗ ಅದೊಂದು ಪ್ರಶ್ನೆ ಕೇಳ್ಕೊಳ್ಳಿ.

ಇವತ್ತಿಗೆ ಇಷ್ಟು. ಈ ಸಂಚಿಕೆಯನ್ನ ನಿಮ್ಮೂರಿನ ಪ್ರಿಂಟ್ ಅಂಗಡಿಯ ಅಣ್ಣಂಗೋ ಅಕ್ಕಂಗೋ ಕಳಿಸಿ, ಬೈಯೋಕಲ್ಲ, ಕೇಳಿಸೋಕೆ. ಮುಂದಿನ ವಾರ ಸಿಗೋಣ. ನಮಸ್ಕಾರ.